ಚೈನು, ಲಾಂಗು ಮತ್ತು ನಮ್ಮ ರೀಮೇಕು

"ಇದ್ರಾಗ ಅಂಥಾದ್ದು ಏನದ ಅಪ್ಪಾ?"

ಕಳೆದ ನವೆಂಬರಿನಲ್ಲಿ ಸಿನಿಮಾ ಮುಗಿಸಿ ಹೊರಗೆ ಬರುವಾಗ ಮಗ ಕೇಳಿದ ಪ್ರಶ್ನೆ ಇದು. ನೋಡಿದ್ದು ‘ಶಿವ’. 1989ರ ಅಕ್ಟೋಬರ್ 5ರಂದು ತೆರೆಕಂಡ, ರಾಮಗೋಪಾಲ್ ವರ್ಮಾ ಅವರ ಮೊದಲ ಚಿತ್ರ. ಅನ್ನಪೂರ್ಣ ಸ್ಟುಡಿಯೋಗೆ 50 ವರ್ಷ ತುಂಬುವ ಸಂದರ್ಭದಲ್ಲಿ ಅದನ್ನು 4ಕೆ ರೂಪಕ್ಕೆ ತಂದು, ಸದ್ದನ್ನು ಡಾಲ್ಬಿ ಅಟ್ಮಾಸ್‌ಗೆ ಹೊಸದಾಗಿ ಹೊಂದಿಸಿ, 2025ರ ನವೆಂಬರ್ 14ರಂದು ಮತ್ತೆ ಥಿಯೇಟರಿಗೆ ಬಿಟ್ಟಿದ್ದರು. ಟಿಕೆಟ್ ಬುಕ್ ಮಾಡಿದವನು ಮಗನೇ. "ನೀ ಯಾವಾಗ್ಲೂ ಹೇಳ್ತಿರ್ತಿಯಲ್ಲ, ಆ ಪಿಕ್ಚರ್ ಮತ್ತ ಬಂದದ, ನಡಿ ಹೋಗೂಣು" ಅಂತ ಎಬ್ಬಿಸಿಕೊಂಡು ಹೋಗಿದ್ದ.

ಹಾಲಿನಲ್ಲಿ ಅರ್ಧಕ್ಕರ್ಧ ಜನ ನನ್ನ ವಯಸ್ಸಿನವರೇ. ತಲೆ ನರೆತವರು, ಬಿಪಿ ಮಾತ್ರೆ ನುಂಗಿ ಬಂದವರು, ಹೆಂಡತಿಯನ್ನು ಪುಸಲಾಯಿಸಿ ಕರೆತಂದವರು. ಕಾಲೇಜು ಅಂಗಳದ ಆ ದೃಶ್ಯ ಹತ್ತಿರ ಬರುತ್ತಿದ್ದಂತೆ ಮೊಬೈಲುಗಳು ಮೇಲೆದ್ದವು. ನಾಗಾರ್ಜುನ ಬಗ್ಗಿದರು, ಸೈಕಲ್ ಚೈನಿಗೆ ಕೈ ಹಾಕಿದರು, ಎಳೆದರು. ಐವತ್ತು ದಾಟಿದವರು ಹಾಕಿದ ಶಿಳ್ಳೆಗೆ ಹಾಲ್ ನಡುಗಿತು. ನಾನೂ ಹಾಕಿದೆ. ಮಗ ನನ್ನ ಕಡೆ ತಿರುಗಿ ನೋಡಿದ. ಅವನೂ ಚಪ್ಪಾಳೆ ತಟ್ಟಿದ, ಆದರೆ ಅದು ಮದುವೆ ಮನೆಯಲ್ಲಿ ಪರಿಚಯವಿಲ್ಲದವರ ಭಾಷಣಕ್ಕೆ ತಟ್ಟುವಂಥ ಚಪ್ಪಾಳೆ.

ಪಾರ್ಕಿಂಗಿನಲ್ಲಿ ಅವನ ವಾದ ಇಷ್ಟೇ. ಕಡಿಮೆ ಮಾತಿನ ಹೀರೋ, ಗದ್ದಲ ಮಾಡದ ವಿಲನ್, ಕಾಲೇಜಿನಿಂದ ಶುರುವಾಗಿ ಊರಿಗೆ ಹಬ್ಬುವ ಜಗಳ, ಇದೆಲ್ಲ ನೂರು ಸಿನಿಮಾಗಳಲ್ಲಿ ನೋಡಿದ್ದೇ. "ಅವರೆಲ್ಲ ಇಲ್ಲಿಂದಲೇ ಕದ್ದಿದ್ದು ಮಾರಾಯಾ" ಅಂದೆ. "ಇರಬಹುದು. ಅದು ಹಿಸ್ಟರಿ ಆತು. ಇವತ್ತು ಯಾಕ ನೋಡಬೇಕು ಹೇಳು" ಅಂದ.

ಆಗ ಉತ್ತರ ಹೊಳೆಯಲಿಲ್ಲ. ಮನೆ ತಲುಪುವವರೆಗೂ ಟ್ರಾಫಿಕ್ಕನ್ನು ಬೈದುಕೊಂಡು ಬಂದೆ. ಅಂದು ಕೊಡಲಾಗದ ಉತ್ತರವನ್ನು ಈ ಸಲದ ಅಂಕಣದಲ್ಲಿ ಕೊಡಲು ನೋಡುತ್ತೇನೆ.

* * *

1989ರಲ್ಲಿ ನಾನು ರಾಯಚೂರಿನಲ್ಲಿ ಬಿ.ಕಾಂ ಓದುತ್ತಿದ್ದೆ. ನಮ್ಮ ಕಡೆಯವರಿಗೆ ತೆಲುಗು ಸಿನಿಮಾ ಪರಭಾಷೆ ಅಂತ ಎಂದೂ ಅನ್ನಿಸಿದ್ದಿಲ್ಲ. ಕೃಷ್ಣಾ ಹೊಳೆ ದಾಟಿದರೆ ಆ ಕಡೆ ಮಕ್ತಲ್, ಮಹಬೂಬ್‌ನಗರ. 1956ರ ತನಕ ನಮ್ಮ ಜಿಲ್ಲೆಯೇ ಹೈದರಾಬಾದ್ ರಾಜ್ಯದ್ದು. ನಮ್ಮಜ್ಜನ ಕಾಲಕ್ಕೆ ‘ಪಟ್ಟಣಕ್ಕೆ ಹೋಗಿ ಬರ್ತೀನಿ’ ಅಂದರೆ ಅದು ಹೈದರಾಬಾದೇ ಹೊರತು ಬೆಂಗಳೂರಲ್ಲ. ಹಾಗಾಗಿ ಶುಕ್ರವಾರ ಕನ್ನಡ ಸಿನಿಮಾ ಬಂದರೆ ಅದಕ್ಕೆ, ತೆಲುಗು ಬಂದರೆ ಅದಕ್ಕೆ. ರೊಕ್ಕ ಇದ್ದರೆ ಎರಡಕ್ಕೂ.

‘ಶಿವ’ ನೋಡಿದ ರಾತ್ರಿ ಹಾಸ್ಟೆಲ್ಲಿನ ಸೈಕಲ್ ಸ್ಟ್ಯಾಂಡಿನಲ್ಲಿ ನಾವು ಐದಾರು ಹುಡುಗರು ಮಾಡಿದ ಕೆಲಸವನ್ನು ಆ ವರ್ಷ ಎಷ್ಟೋ ಊರಿನ ಹುಡುಗರು ಮಾಡಿರಬೇಕು. ಚೈನು ಎಳೆದು ನೋಡಿದೆವು. ಬರಲಿಲ್ಲ. ಇಬ್ಬರು ಸೇರಿ ಎಳೆದೆವು. ಸೈಕಲ್ ಬಿತ್ತು, ಚೈನು ಮಾತ್ರ ಇದ್ದಲ್ಲೇ ಇತ್ತು. ಬೆರಳಿಗೆಲ್ಲ ಕರಿ ಗ್ರೀಸು. ಮರುದಿನ ಬಾಡಿಗೆ ಸೈಕಲ್ ಅಂಗಡಿಯವ ಹಲ್ಲುಚಕ್ರದಿಂದ ಜಾರಿದ್ದ ಚೈನನ್ನು ಕೂರಿಸುತ್ತ, "ಲೇ, ಕೊಂಡಿ ಪಿನ್ನು ಬಡದು ತೆಗೀಲಾರದ ಚೈನು ಕಳಚತದೇನ್ರಲೇ? ಆ ಪಿಕ್ಚರ್ ಬಂದಾಗಿಂದ ದಿನಾ ನಾಕು ಸೈಕಲ್ ಹಿಂಗ ಬರ್ತಾವ" ಅಂತ ಉಗಿದ.

ಕಳಚದ ಚೈನನ್ನು ಕಳಚೀತು ಎಂದು ನಮ್ಮನ್ನು ನಂಬಿಸಿದ್ದು ಏನು? ಅಲ್ಲಿಯವರೆಗೆ ನಾವು ನೋಡಿದ್ದ ಹೊಡೆದಾಟಗಳಲ್ಲಿ ಖಳನಾಯಕನ ಅಡ್ಡೆಗೆ ಬಣ್ಣಬಣ್ಣದ ದೀಪ, ಅವನಿಗೊಂದು ವಿಗ್ಗು, ಏಟಿಗೊಂದು ‘ಢಿಶುಂ’. ‘ಶಿವ’ದ ಭವಾನಿಗೆ ಅದು ಯಾವುದೂ ಇರಲಿಲ್ಲ. ರಘುವರನ್ ಮಾಮೂಲಿ ಅಂಗಿ ಹಾಕಿಕೊಂಡು ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಪಕ್ಕಕ್ಕೆ ಬಂದು ನಿಂತರೆ ಗುರುತೇ ಸಿಗದಂಥ ಮನುಷ್ಯ. ಅದಕ್ಕೇ ಅವನ ಬಗ್ಗೆ ಭಯವಾಗುತ್ತಿತ್ತು. ಸಂಭಾಷಣೆ ಬರೆದು, ನಾನಾಜಿಯ ಪಾತ್ರವನ್ನೂ ಮಾಡಿದ ತನಿಕೆಳ್ಳ ಭರಣಿ ಅವರು ಎಲ್ಲರ ಬಾಯಲ್ಲೂ ಓಣಿಯ ಭಾಷೆ ಇಟ್ಟಿದ್ದರು. ಎಸ್. ಗೋಪಾಲ ರೆಡ್ಡಿಯವರ ಕ್ಯಾಮೆರಾ ಓಡುವವನ ಬೆನ್ನಿಗೇ ಓಡುತ್ತಿತ್ತು. ಸ್ಟೆಡಿಕ್ಯಾಮ್ ಎಂಬ ಸಲಕರಣೆ ನಮ್ಮ ದೇಶದ ಸಿನಿಮಾಗಳಿಗೆ ಹೊಸದಾಗಿದ್ದ ಕಾಲ ಅದು. ಕ್ಯಾಮೆರಾವನ್ನು ಸ್ಪ್ರಿಂಗಿನ ತೋಳಿಗೆ ಸಿಕ್ಕಿಸಿ ಮೈಗೆ ಬಿಗಿದುಕೊಂಡರೆ ಓಡಿದರೂ ಚಿತ್ರ ಅಲುಗುವುದಿಲ್ಲ. ನಮಗೆ ಅದರ ಹೆಸರು ಗೊತ್ತಿರಲಿಲ್ಲ. ನಾವೇ ಓಡುತ್ತಿದ್ದೇವೆ ಅನ್ನಿಸುತ್ತಿತ್ತು, ಅಷ್ಟೇ. ಇನ್ನು ಇಳಯರಾಜ ಅವರ ಹಿನ್ನೆಲೆ ಸಂಗೀತ. ಅದು ಎಲ್ಲಿ ಸುಮ್ಮನಾಗುತ್ತದೋ ಅಲ್ಲಿ ನಮ್ಮ ಎದೆ ಬಡಿತ ಕೇಳಿಸುತ್ತಿತ್ತು.

ಇಷ್ಟನ್ನು ಹೇಳಿದರೂ ಮಗನಿಗೆ ಉತ್ತರ ಸಿಗುವುದಿಲ್ಲ. ಅವನ ಪ್ರಕಾರ ಇದೂ ಹಿಸ್ಟರಿಯೇ. ಹೊಸದಾಗಿದ್ದದ್ದು ಹಳತಾಗಲೇಬೇಕು. ಹಳತಾದ ಮೇಲೂ ಯಾಕೆ ಉಳಿದಿದೆ ಅನ್ನುವುದು ಅವನ ಪ್ರಶ್ನೆ.

* * *

ಈ ಸಿನಿಮಾದ ಕಥೆ ಎಲ್ಲಿಂದ ಬಂತು ಅನ್ನುವುದನ್ನು ವರ್ಮಾ ಮುಚ್ಚಿಟ್ಟಿಲ್ಲ. ಬ್ರೂಸ್ ಲೀ ಬರೆದು, ನಿರ್ದೇಶಿಸಿ, ನಟಿಸಿದ 1972ರ ‘ವೇ ಆಫ್ ದಿ ಡ್ರ್ಯಾಗನ್’ ಚಿತ್ರವೇ ತಮಗೆ ಮೂಲ ಎಂದು ಅವರೇ ಹೇಳಿದ್ದಾರೆ. ಅಮೆರಿಕದಲ್ಲಿ ಅದು ‘ರಿಟರ್ನ್ ಆಫ್ ದಿ ಡ್ರ್ಯಾಗನ್’ ಹೆಸರಿನಲ್ಲಿ ಬಂದಿತ್ತು. ಹಾಂಕಾಂಗಿನಿಂದ ಹೊರಟ ಒಬ್ಬ ಹುಡುಗ ರೋಮ್ ನಗರದ ಚೀನೀ ಹೋಟೆಲ್ಲಿಗೆ ಬರುತ್ತಾನೆ. ಅಲ್ಲಿ ಗೂಂಡಾಗಳ ಕಾಟ. ಇವನು ಎದುರು ನಿಲ್ಲುತ್ತಾನೆ. ವರ್ಮಾ ಹೋಟೆಲ್ಲನ್ನು ತೆಗೆದು ಕಾಲೇಜನ್ನು ಇಟ್ಟರು. ಕಥೆಯ ಎಲುಬು ಅದೇ: ಹೊಸ ಜಾಗಕ್ಕೆ ಬಂದ ಒಬ್ಬ ಹುಡುಗ, ಮೊದಲೇ ಅಲ್ಲಿ ಬೇರುಬಿಟ್ಟ ಒಂದು ಭಯ.

ಎಲುಬಿನ ಮೇಲಿನ ಮಾಂಸ ಮಾತ್ರ ಇಲ್ಲಿಯದು. ವರ್ಮಾ ಇಂಜಿನಿಯರಿಂಗ್ ಓದಿದ್ದು ವಿಜಯವಾಡದ ವಿ.ಆರ್. ಸಿದ್ಧಾರ್ಥ ಕಾಲೇಜಿನಲ್ಲಿ. ವಿದ್ಯಾರ್ಥಿ ಗುಂಪುಗಳು, ಅವುಗಳ ಬೆನ್ನಿಗಿರುವ ದಾದಾಗಳು, ದಾದಾಗಳ ಬೆನ್ನಿಗಿರುವ ರಾಜಕಾರಣಿಗಳು, ಈ ಮೆಟ್ಟಿಲುಗಳನ್ನು ಆ ಊರಿನಲ್ಲಿ ಅವರು ಹತ್ತಿರದಿಂದ ಕಂಡಿದ್ದರು. ಆಮೇಲೆ ಹೈದರಾಬಾದಿನ ಅಮೀರ್‌ಪೇಟೆಯಲ್ಲಿ ವಿಡಿಯೋ ಲೈಬ್ರರಿ ನಡೆಸಿದರು. ಬ್ರೂಸ್ ಲೀ ಕ್ಯಾಸೆಟ್ಟಿನಲ್ಲಿ ಸಿಕ್ಕ, ಸೈಕಲ್ ಓಣಿಯಲ್ಲಿ ಸಿಕ್ಕಿತು ಅನ್ನಬಹುದು. ರೋಮ್ ನಗರದ ಹೋಟೆಲ್ ಜಗಳಕ್ಕೆ ಸೈಕಲ್ ಚೈನು ಎಲ್ಲಿ ಬರಬೇಕು? ಅದು ನಮ್ಮಂಥ ಊರುಗಳ ವಸ್ತು. 1989ರಲ್ಲಿ ಕಾಲೇಜಿಗೆ ಹೋಗುವ ಹುಡುಗನಿಗೆ ಸ್ವಂತದ್ದು ಅನ್ನಲು ಇದ್ದದ್ದೇ ಒಂದು ಸೈಕಲ್. ಅದು ಆಯುಧವಾದದ್ದಕ್ಕೇ ನಾವು ಕುರ್ಚಿಯಿಂದ ಎದ್ದು ನಿಂತೆವು.

ಇನ್ನೊಂದು ಸಂಗತಿ. ನಾವು ಅಪ್ಪಟ ‘ಲೋಕಲ್’ ಎನ್ನುವ ಈ ಸಿನಿಮಾ ಮಾಡಿದವರು ಎಲ್ಲೆಲ್ಲಿಂದ ಬಂದವರು ನೋಡಿ. ರಘುವರನ್ ತಮಿಳು ಚಿತ್ರರಂಗದಿಂದ ಬಂದವರು. ಅಮಲಾ ಕೂಡ ಮೊದಲು ಹೆಸರು ಮಾಡಿದ್ದು ತಮಿಳಿನಲ್ಲಿ. ಇಳಯರಾಜ ಮದ್ರಾಸಿನವರು. ತೆಲುಗು ಚಿತ್ರರಂಗವೇ ಬಹುಕಾಲ ಮದ್ರಾಸಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿತ್ತು. ಕೃಷ್ಣಾ ಜಿಲ್ಲೆಯ ಹಳ್ಳಿಯಲ್ಲಿ ಹುಟ್ಟಿ, ಮದ್ರಾಸಿನಲ್ಲಿ ನಟನಾಗಿ ಬೆಳೆದ ಅಕ್ಕಿನೇನಿ ನಾಗೇಶ್ವರ ರಾವ್ ಅವರು ಹೈದರಾಬಾದಿಗೆ ಬಂದು ನೆಲೆ ನಿಂತು, ಬಂಜಾರಾ ಹಿಲ್ಸ್‌ನ ಬಂಡೆಗಳ ನಡುವೆ ಅನ್ನಪೂರ್ಣ ಸ್ಟುಡಿಯೋ ಕಟ್ಟಿದರು. ಅಲ್ಲಿಂದ ಬಂದ ಚಿತ್ರ ಇದು. ಎಲ್ಲರೂ ವಲಸಿಗರೇ. ಆದರೂ ಸಿನಿಮಾ ಈ ಮಣ್ಣಿನದಾಯಿತು.

ನಮ್ಮ ರಾಮನಗರದ ಕಥೆಯೂ ಇಂಥದ್ದೇ. 1954ರಲ್ಲಿ ಜಪಾನಿನ ಕುರೊಸಾವಾ ಮಾಡಿದ ‘ಸೆವೆನ್ ಸಮುರಾಯ್’ ಅಮೆರಿಕಕ್ಕೆ ಹೋಗಿ 1960ರಲ್ಲಿ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ಆಯಿತು. ಅಲ್ಲಿನ ಕುದುರೆ ಧೂಳು ಹಾರಿ ಬಂದು 1975ರ ‘ಶೋಲೆ’ಯಲ್ಲಿ ರಾಮನಗರದ ಬಂಡೆಗಳ ಮೇಲೆ ಕೂತಿತು. ಕೂಲಿಗೆ ಬಂದವರು ಊರು ಕಾಯುವ ಅದೇ ಎಲುಬು. ಆದರೆ ಬಂಡೆ ನಮ್ಮದು, ಠಾಕೂರನ ಶಾಲು ನಮ್ಮದು, ವಟವಟ ಮಾತಾಡುವ ಟಾಂಗಾದವಳು ನಮ್ಮವಳು. ಜಪಾನಿನ ನೆನಪು ಯಾರಿಗೂ ಆಗುವುದಿಲ್ಲ.

ಕಥೆ ಊರು ಬಿಟ್ಟು ಊರಿಗೆ ಹೋಗಬಹುದು, ಆದರೆ ಹೋದ ಊರಿನ ಭಯವನ್ನು, ಅಲ್ಲಿನ ಮನೆಗಳನ್ನು ತನ್ನದಾಗಿ ಮಾಡಿಕೊಂಡರೆ ಮಾತ್ರ ಅಲ್ಲಿ ಉಳಿಯುತ್ತದೆ. ಇದು ನನಗೆ ಹೊಳೆದದ್ದು ‘ಶಿವ’ದಿಂದಲ್ಲ, ನಮ್ಮ ‘ಓಂ’ನಿಂದ.

* * *

‘ಓಂ’ ಬಂದದ್ದು 1995ರ ಮೇ ತಿಂಗಳಲ್ಲಿ. ‘ತರ್ಲೆ ನನ್ ಮಗ’, ‘ಶ್!’ ಆದ ಮೇಲೆ ಉಪೇಂದ್ರ ಅವರ ಮೂರನೇ ಚಿತ್ರ. ಅದರ ಕಥೆಯನ್ನು ಅವರು ಬಹಳ ಹಿಂದೆಯೇ ಬರೆದಿಟ್ಟುಕೊಂಡಿದ್ದರು. ಅಷ್ಟರಲ್ಲಿ ‘ಶಿವ’ ಬಂದುಬಿಟ್ಟಿತು. ಜನ ಇದನ್ನು ಅದರ ನಕಲು ಅಂದಾರು ಎಂಬ ಅಳುಕಿನಿಂದಲೇ ಕಥೆಯನ್ನು ನೇರವಾಗಿ ಹೇಳುವ ಬದಲು ಹಿಂದುಮುಂದು ಮಾಡಿ ಹೇಳುವ ದಾರಿ ಹಿಡಿದೆ ಎಂದು ಉಪೇಂದ್ರ ಹೇಳಿಕೊಂಡಿದ್ದಾರೆ. ನಾವು ಇಂದಿಗೂ ಬಾಯಿ ತೆರೆದು ನೋಡುವ ‘ಓಂ’ನ ಆ ಚಿತ್ರಕಥೆ ಹುಟ್ಟಿದ್ದರ ಹಿಂದೆ ಹೈದರಾಬಾದಿನ ಒಂದು ಸಿನಿಮಾದ ಭಯವಿತ್ತು!

ಬೆಂಗಳೂರಿನ ನಿಜವಾದ ರೌಡಿಗಳನ್ನೇ ಕರೆದು ಉಪೇಂದ್ರ ಕ್ಯಾಮೆರಾದ ಮುಂದೆ ನಿಲ್ಲಿಸಿದರು. ಪೇಪರಿನ ಕ್ರೈಮ್ ಪುಟದಲ್ಲಿ ನೋಡಿದ್ದ ಹೆಸರುಗಳು ಪರದೆಯ ಮೇಲೆ ಮುಖವಾಗಿ ಬಂದವು. ಅವರೆದುರು ಅರ್ಚಕರ ಮನೆಯ ಮಗ ಸತ್ಯನಾಗಿ ಶಿವರಾಜ್‌ಕುಮಾರ್. ಕೈಯಲ್ಲಿ ಲಾಂಗು. ಮೇಲೆ ಹಂಸಲೇಖ ಅವರ ಸಂಗೀತದಲ್ಲಿ ಡಾ. ರಾಜಕುಮಾರ್ ಅವರ ದನಿ. ಚಿತ್ರದ ಹೆಸರಿನ ಹಿಂದೆಯೂ ಅಣ್ಣಾವ್ರೇ ಇದ್ದಾರೆ. ಸ್ಕ್ರಿಪ್ಟಿನ ಮೊದಲ ಹಾಳೆಯಲ್ಲಿ ಅವರು ‘ಓಂ’ ಎಂದು ಬರೆದುಕೊಟ್ಟರು, ಅದೇ ಹೆಸರಾಯಿತು ಎಂಬ ಕಥೆ ಗಾಂಧಿನಗರದಲ್ಲಿ ಎಲ್ಲರಿಗೂ ಗೊತ್ತು. ಲಾಂಗು ಬೀಸುವ ಕಥೆಗೆ ಓಂಕಾರದ ಹೆಸರು! ಈ ಎರಡೂ ಒಂದೇ ಮನೆಯಲ್ಲಿರುವುದೇ ಸಿನಿಮಾದ ಸಂಕಟ. ಗಂಟೆ ಬಾರಿಸಬೇಕಾದ ಕೈ ಕತ್ತಿ ಹಿಡಿದರೆ ಆ ತಂದೆಯ ಗತಿಯೇನು?

ಅಲ್ಲಿಂದಾಚೆಗೆ ಅದು ಎಷ್ಟು ಸಲ ಮರುಬಿಡುಗಡೆ ಆಗಿದೆ ಅಂದರೆ, ಪತ್ರಿಕೆಗಳು ಕೊಡುವ ಲೆಕ್ಕ 500ನ್ನು ದಾಟುತ್ತದೆ. ಹೊಸ ಸಿನಿಮಾ ಬಿದ್ದುಹೋದ ವಾರ ಥಿಯೇಟರಿನವರು ಡಬ್ಬ ತರಿಸುತ್ತಿದ್ದದ್ದು ‘ಓಂ’ದೇ. 20 ವರ್ಷ ಟಿವಿಗೆ ಕೊಡದೆ ಇಟ್ಟಿದ್ದರು. 2015ರಲ್ಲಿ ಕೊಟ್ಟಾಗ ಅದೇ ಒಂದು ಸುದ್ದಿಯಾಯಿತು.

ಇಂಥ ‘ಓಂ’ 1997ರಲ್ಲಿ ಹೈದರಾಬಾದಿಗೆ ಬಂತು.

* * *

ಅದಕ್ಕೂ ಒಂದು ವರ್ಷ ಮೊದಲು ನಾನು ಬಂದಿದ್ದೆ. ಒಂದು ಔಷಧ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ, ನಲ್ಲಕುಂಟದಲ್ಲಿ ರೂಮು. ರಾಯಚೂರಿನಲ್ಲಿ ತೆಲುಗು ಬರುತ್ತದೆ ಅಂದುಕೊಂಡಿದ್ದವನಿಗೆ ಇಲ್ಲಿ ಬಂದ ಮೇಲೆ ಗೊತ್ತಾಯಿತು, ಬರುವುದು ಸಿನಿಮಾ ತೆಲುಗು ಮಾತ್ರ ಅಂತ. ಅಂಗಡಿಯಲ್ಲಿ ಕೊತ್ತಂಬರಿ ಕೇಳುವಾಗ ನಾಗಾರ್ಜುನನ ಡೈಲಾಗ್ ಕೆಲಸಕ್ಕೆ ಬರುವುದಿಲ್ಲ. ಭಾನುವಾರ ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದ ಕಡೆ ಕಾಲು ತಾನಾಗಿ ಹೋಗುತ್ತಿತ್ತು, ನಾಲ್ಕು ಕನ್ನಡ ಮಾತು ಕಿವಿಗೆ ಬೀಳಲಿ ಅಂತ.

‘ಓಂಕಾರಂ’ ಬರುತ್ತಿದೆ, ‘ಓಂ’ನ ತೆಲುಗು ರೂಪ, ನಿರ್ದೇಶನ ಉಪೇಂದ್ರ ಅವರದೇ ಎಂದು ತಿಳಿದಾಗ ಆಫೀಸಿನಲ್ಲಿ ನಾನು ಬೀಗಿದ್ದೇ ಬೀಗಿದ್ದು. "ನಮ್ಮ ಸಿನಿಮಾ ಬರ್ತಾ ಇದೆ, ನೋಡಿ ಆಮೇಲೆ ಮಾತಾಡಿ" ಎಂದು ಸಹೋದ್ಯೋಗಿಗಳಿಗೆಲ್ಲ ಸಾರಿದೆ. ನಾಲ್ಕು ಜನರನ್ನು ನನ್ನ ಖರ್ಚಿನಲ್ಲೇ ಕರೆದುಕೊಂಡು ಹೋದೆ. ಆಗಿನ ಸಂಬಳದಲ್ಲಿ ಅದು ಸಣ್ಣ ಮಾತಲ್ಲ.

ಶಿವಣ್ಣನ ಜಾಗದಲ್ಲಿ ರಾಜಶೇಖರ್. ಅವರೇನೂ ಕಡಿಮೆ ನಟರಲ್ಲ. ‘ಅಂಕುಶಂ’ ಮಾಡಿದವರು. ನಾಯಕಿ ಅದೇ ಪ್ರೇಮಾ. ನಿರ್ದೇಶಕರು ಅವರೇ, ಕಥೆ ಅದೇ. ಆದರೆ ಹಾಲಿನಲ್ಲಿ ಏನೋ ಹತ್ತಿಕೊಳ್ಳಲಿಲ್ಲ. ನಾನು ಎದ್ದು ನಿಲ್ಲಲು ಕಾಯುತ್ತಿದ್ದ ಜಾಗಗಳು ಒಂದೊಂದಾಗಿ ಬಂದು ಹೋದವು. ಪಕ್ಕದಲ್ಲಿದ್ದವರು ಪಲ್ಲಿ ತಿನ್ನುತ್ತಿದ್ದರು. ಹೊರಗೆ ಬಂದ ಮೇಲೆ ಒಬ್ಬರು ನನ್ನ ಮುಖ ನೋಡಿ, ನೋವಾಗಬಾರದೆಂದು, "ಬಾಗಾನೇ ಉಂದಿ" ಅಂದರು. ಪರವಾಗಿಲ್ಲ ಚೆನ್ನಾಗೇ ಇದೆ, ಅಂತ. ಆ ‘ಪರವಾಗಿಲ್ಲ’ದಷ್ಟು ಚುಚ್ಚಿದ ಮಾತು ಆ ವರ್ಷ ಬೇರೊಂದಿಲ್ಲ.

ರೂಮಿಗೆ ಬಂದು ರಾತ್ರಿಯೆಲ್ಲ ಯೋಚಿಸಿದೆ. ಬೆಂಗಳೂರಿನ ಆ ರೌಡಿಗಳ ಮುಖಗಳನ್ನೇ ತಂದು ನಿಲ್ಲಿಸಿದರೂ ಇಲ್ಲಿಯ ಪ್ರೇಕ್ಷಕನಿಗೆ ಅವು ಬರೀ ಮುಖಗಳು. ಅವುಗಳ ಹಿಂದಿನ ಸುದ್ದಿ ಅವನು ಓದಿದ್ದಲ್ಲ, ಆ ಹೆಸರು ಕೇಳಿ ಅವನು ಅಂಗಡಿ ಬಾಗಿಲು ಹಾಕಿದ್ದಲ್ಲ. ಅಣ್ಣಾವ್ರ ದನಿ ಕೇಳಿದ ಕೂಡಲೇ ನಮ್ಮ ಕಣ್ಣು ತುಂಬುವುದು ಹಾಡಿಗಾಗಿ ಮಾತ್ರವೇ? ಅದರ ಹಿಂದೆ ನಮ್ಮ ರೇಡಿಯೋ, ನಮ್ಮ ಗಣೇಶನ ಪೆಂಡಾಲು, ನಮ್ಮಪ್ಪ, ಎಲ್ಲ ಇದೆ. ಅದನ್ನು ರೀಲಿನ ಡಬ್ಬದಲ್ಲಿ ಹಾಕಿ ಕಳಿಸಲಾಗುವುದಿಲ್ಲ. ವರ್ಮಾ ಬ್ರೂಸ್ ಲೀಯಿಂದ ಎಲುಬು ಮಾತ್ರ ತಂದು, ಮಾಂಸಕ್ಕೆ ವಿಜಯವಾಡಕ್ಕೆ ಹೋದರು. ‘ಓಂ’ ಇಡಿಯಾಗಿ, ಮೈ ಸಮೇತ ಬಂತು. ಹೊಸ ಊರಲ್ಲಿ ಬೇರಿಳಿಸಲು ಅದಕ್ಕೆ ಜಾಗವೇ ಉಳಿದಿರಲಿಲ್ಲ. ಇದು ನನ್ನ ಅಂದಾಜು. ಸಿನಿಮಾ ಪಂಡಿತರು ಬೇರೆ ಕಾರಣ ಕೊಡಬಹುದು.

ಆದರೆ ಅವತ್ತು ನನ್ನನ್ನು ಕಾಡಿದ್ದು ಸಿನಿಮಾದ ಚಿಂತೆ ಮಾತ್ರ ಅಲ್ಲ. ನಾನೂ ಒಂದು ರೀಮೇಕೇ ಅಲ್ಲವೇ ಅನ್ನಿಸಿತು. ಊರಿನಲ್ಲಿ ಹಾಡು ಹೇಳಿ, ನಾಟಕದಲ್ಲಿ ಪಾತ್ರ ಮಾಡಿ, ನಾಲ್ಕು ಜನರ ನಡುವೆ ನಕ್ಕು ನಗಿಸಿ ಇದ್ದವನು ಇಲ್ಲಿ ಬಂದು ‘ಬಾಗಾನೇ ಉನ್ನಾಡು’ ಆಗಿದ್ದೆ. ಪರವಾಗಿಲ್ಲದ ಮನುಷ್ಯ. ಬೈಯಲು ಕಾರಣವಿಲ್ಲ, ನೆನಪಿಟ್ಟುಕೊಳ್ಳಲೂ ಇಲ್ಲ. ಊರು ಬಿಟ್ಟು ಬಂದು ಬೇರೆ ಭಾಷೆಯಲ್ಲಿ ಜೋಕು ಹೇಳಲು ಹೋಗಿ ಸೋತವರಿಗೆ ನಾನೇನು ಹೇಳುತ್ತಿದ್ದೇನೆ ಗೊತ್ತಾಗುತ್ತದೆ.

ವಾಪಸ್ ಹೋಗಿಬಿಡಬೇಕು ಎಂದು ಎರಡು ಸಲ ರಾಜೀನಾಮೆ ಬರೆದಿದ್ದೆ. ಕೊಡಲಿಲ್ಲ. ಯಾಕೆ ಕೊಡಲಿಲ್ಲ ಅಂದರೆ ದೊಡ್ಡ ಕಾರಣವೇನಿಲ್ಲ. ಕೆಳಗಿನ ಮನೆಯ ಅಮ್ಮನಿಗೆ ಜ್ವರ ಬಂದಾಗ ರಾತ್ರಿ ಆಟೋ ಹುಡುಕಿದ್ದು, ಮಳೆಗೆ ನಲ್ಲಕುಂಟದ ನಾಲಾ ಉಕ್ಕಿದಾಗ ಓಣಿಯವರ ಜತೆ ನಿಂತು ನೀರು ಹೊರಹಾಕಿದ್ದು, ಆಮೇಲೆ ಮದುವೆ, ಮಗ. ಈ ಊರಿನ ಚಿಂತೆಗಳು ನನ್ನ ಚಿಂತೆಗಳಾದವು. ಎಲುಬು ರಾಯಚೂರಿನದೇ ಉಳಿಯಿತು, ಮಾಂಸ ಇಲ್ಲಿಯದು ಬೆಳೆಯಿತು. ಯಾವಾಗ ಬೆಳೆಯಿತು ಅಂತ ಕೇಳಿದರೆ ತಾರೀಖು ಹೇಳಲಾರೆ.

* * *

ಈಗ ಮಗನ ಪ್ರಶ್ನೆಗೆ ಬರುತ್ತೇನೆ.

ಈ ಸಲ ‘ಶಿವ’ ನೋಡುವಾಗ ಚೈನು ಎಳೆದಾಗ ನಾನು ಶಿಳ್ಳೆ ಹಾಕಿದ್ದು ಹಳೇ ಅಭ್ಯಾಸಕ್ಕೆ. ನಿಜವಾಗಿ ನನ್ನ ಕಣ್ಣು ಬೇರೆ ಕಡೆ ಇತ್ತು. ಶಿವ ಅಣ್ಣನ ಮನೆಯಲ್ಲಿ ಇದ್ದುಕೊಂಡು ಓದುವ ಹುಡುಗ. ಆ ಅಣ್ಣನ ಪಾತ್ರ ಮಾಡಿದ ಮುರಳಿ ಮೋಹನ್ ಅವರ ಮುಖವನ್ನು 19ನೇ ವಯಸ್ಸಿನಲ್ಲಿ ನಾನು ನೋಡಿಯೇ ಇರಲಿಲ್ಲ. ಸಂಬಳಕ್ಕೆ ದುಡಿದು, ತಮ್ಮನನ್ನು ಓದಿಸಿ, ಬೀದಿಯ ಜಗಳ ಮನೆ ಹೊಸ್ತಿಲಿಗೆ ಬಂದಾಗ ಏನು ಮಾಡಬೇಕೆಂದು ತೋಚದೆ ನಿಲ್ಲುವವನ ಮುಖ. ಕೊನೆಗೆ ಆ ಜಗಳದ ಬೆಲೆ ತೆರುವುದು ಆ ಮನೆಯ ಪುಟ್ಟ ಹುಡುಗಿ. ಆ ದೃಶ್ಯ ನನಗೆ ನೆನಪೇ ಇರಲಿಲ್ಲ ಅಂದರೆ ನಂಬುತ್ತೀರಾ? ಚೈನಿನ ಒಂದೊಂದು ಕೊಂಡಿ ನೆನಪಿತ್ತು, ಆ ಮಗು ಮರೆತುಹೋಗಿತ್ತು.

ಮರೆತದ್ದಕ್ಕೆ ನಾವು ದಂಡವನ್ನೂ ಕಟ್ಟಿದ್ದೇವೆ. ನಮ್ಮ ಹಾಸ್ಟೆಲ್ಲಿನ ಆ ಐದಾರು ಹುಡುಗರಲ್ಲಿ ಒಬ್ಬ ಮರುವರ್ಷ ಅಂಗಡಿಯಿಂದ ಹಳೇ ಚೈನು ತಂದು ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡತೊಡಗಿದ. ಒಂದು ದಿನ ಕ್ಯಾಂಟೀನಿನ ಜಗಳದಲ್ಲಿ ಬೀಸಿದ. ಎದುರಿನವನ ಹುಬ್ಬು ಸೀಳಿತು, ಕಣ್ಣು ಉಳಿದದ್ದು ಪುಣ್ಯ. ಇವನ ಅಪ್ಪ ಹಳ್ಳಿಯಿಂದ ಬಸ್ಸು ಹತ್ತಿ ಬಂದು, ಪ್ರಿನ್ಸಿಪಾಲರ ರೂಮಿನ ಹೊರಗೆ ಟವೆಲ್ ಕೈಯಲ್ಲಿ ಮುದುಡಿ ಹಿಡಿದು ಮಧ್ಯಾಹ್ನದ ತನಕ ನಿಂತಿದ್ದರು. ನಾವು ಆ ಕಾರಿಡಾರಿನಲ್ಲಿ ಹೋಗದೆ ಸುತ್ತು ಹಾಕಿಕೊಂಡು ಕ್ಲಾಸಿಗೆ ಹೋದೆವು. ಗೆಳೆಯ ಕಾಲೇಜು ಮುಗಿಸಲೇ ಇಲ್ಲ. ಸಿನಿಮಾ ತಪ್ಪು ಕಲಿಸಿತು ಅಂತ ಆಗ ಹಿರಿಯರು ಬೈದರು. ಈಗ ನೋಡಿದರೆ, ಸಿನಿಮಾ ಅರ್ಧ ಪಾಠವಲ್ಲ, ಪೂರಾ ಪಾಠವನ್ನೇ ಹೇಳಿತ್ತು. ನಾವು ಅರ್ಧ ಕೇಳಿ ಶಿಳ್ಳೆ ಹಾಕುತ್ತ ಎದ್ದು ಬಂದಿದ್ದೆವು.

ಉಳಿಯುವ ಸಿನಿಮಾದ ಗುಣ ಇದೇ ಇರಬೇಕು. ಹೊಡೆದಾಟದ ಸದ್ದಿಗೆ ಹುಡುಗರು ಬರುತ್ತಾರೆ. ಆದರೆ ಅದರೊಳಗೆ ಒಂದು ಮನೆ ಇರುತ್ತದೆ, ಬಾಗಿಲ ಬಳಿ ಕಾಯುವವರು ಇರುತ್ತಾರೆ. ನಾವು ಆ ವಯಸ್ಸಿಗೆ ಬರುವ ತನಕ ಅವರು ಅಲ್ಲೇ ಕಾಯುತ್ತಾರೆ. ‘ಶಿವ’ದಲ್ಲಿ ಅಣ್ಣ, ‘ಓಂ’ನಲ್ಲಿ ಆ ಅರ್ಚಕ ತಂದೆ. ಚೈನನ್ನು, ಲಾಂಗನ್ನು ಯಾರು ಬೇಕಾದರೂ ನಕಲು ಮಾಡಬಹುದು, ಮಾಡಿದರೂ ಕೂಡ. ಆ ಮನೆಯನ್ನು ನಕಲು ಮಾಡಲು ಬರುವುದಿಲ್ಲ. ಅದನ್ನು ಆ ಊರಿನಲ್ಲೇ ಕಟ್ಟಬೇಕು.

ಇದನ್ನೆಲ್ಲ ಮಗನಿಗೆ ಹೇಳಿದ್ದು ಎರಡು ವಾರ ಬಿಟ್ಟು, ಒಂದು ಭಾನುವಾರ ಅವನ ಜತೆ ಕೂತು ‘ಓಂ’ ಹಾಕಿದಾಗ. ಮೊದಲ ಅರ್ಧಗಂಟೆ ಮೊಬೈಲ್ ನೋಡಿಕೊಂಡೇ ಕೂತಿದ್ದ. ಕಥೆ ಹಿಂದಕ್ಕೆ ಮುಂದಕ್ಕೆ ಹೋಗತೊಡಗಿದಾಗ ಮೊಬೈಲ್ ಮಗುಚಿಟ್ಟ. "ಇದು 95ರದ್ದಾ?" ಅಂತ ಎರಡು ಸಲ ಕೇಳಿದ. ‘ಓ ಗುಲಾಬಿಯೇ’ ಹಾಡು ಬಂದಾಗ ಅಡುಗೆಮನೆಯಿಂದ ನಮ್ಮಾಕಿ ಬಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಳು. ಹಾಡು ಮುಗಿದ ಮೇಲೇ ಒಳಗೆ ಹೋದದ್ದು.

‘ಶಿವ’ದ ನಿರ್ದೇಶಕ ಮತ್ತು ‘ಓಂ’ನ ನಾಯಕ ಮುಂದೆ ಒಂದೇ ಸಿನಿಮಾದಲ್ಲಿ ಕೆಲಸ ಮಾಡಿದರು, ಅದೂ ಕನ್ನಡದಲ್ಲಿ, 2016ರ ಜನವರಿ 1ಕ್ಕೆ ಬಂದ ‘ಕಿಲ್ಲಿಂಗ್ ವೀರಪ್ಪನ್’ನಲ್ಲಿ ಅಂತ ಹೇಳಿದೆ. ಮಗ ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅಂದ, "ಅಪ್ಪಾ, ಆ ಶಿವ ಪಿಕ್ಚರ್‌ನಾಗ ನನಗ ಒಂದು ಹಿಡಿಸ್ತು ನೋಡು. ರೋಡು. ಹೈದರಾಬಾದ್ ರೋಡು ಅಷ್ಟು ಖಾಲಿ ಇದ್ದವೇನು? ನೀ ಬಂದಾಗ ಹಂಗೇ ಇತ್ತೇನು?"

ಅವನಿಗೆ ಇದು ಹುಟ್ಟೂರು. ನಾನು ಚೈನು ನೋಡುತ್ತಿದ್ದಾಗ ಅವನು ತನ್ನ ಊರಿನ ಹಳೇ ಮುಖ ನೋಡುತ್ತಿದ್ದ. ನಾನು ಮೂವತ್ತು ವರ್ಷ ಇದ್ದರೂ ‘ನಿಮ್ಮ ಸಿನಿಮಾ, ನಮ್ಮ ಸಿನಿಮಾ’ ಅನ್ನುವ ಲೆಕ್ಕ ಬಿಟ್ಟಿಲ್ಲ. ಅವನಿಗೆ ಆ ಲೆಕ್ಕವೇ ಇಲ್ಲ, ಎರಡೂ ಮನೆಯವೇ. ಅವನು ರೀಮೇಕ್ ಅಲ್ಲ, ಇಲ್ಲಿಯದೇ ಹೊಸ ಚಿತ್ರ. ಎಲುಬು ಮಾತ್ರ ಎಲ್ಲಿಂದಲೋ ಬಂದದ್ದು.

ಸಂಕ್ರಾಂತಿಗೆ ಊರಿಗೆ ಹೋದಾಗ ‘ಶಿವ’ ನೋಡಿದ ಥಿಯೇಟರ್ ತೋರಿಸು ಅಂದ. ಕರೆದುಕೊಂಡು ಹೋದೆ. ಬಾಗಿಲು ಹಾಕಿತ್ತು, ಮುಂದಿನ ಜಾಗದಲ್ಲಿ ಮೊಬೈಲ್ ಅಂಗಡಿಗಳು. ಹಾಸ್ಟೆಲ್ ಓಣಿಯ ಸೈಕಲ್ ಅಂಗಡಿ ಮಾತ್ರ ಇತ್ತು. ಈಗ ನಡೆಸುವವನು ಅವನ ಮಗ. ಬೈಕಿಗೂ ಪಂಕ್ಚರ್ ಹಾಕುತ್ತಾನೆ. ನನ್ನ ಮಗ ಅಲ್ಲಿ ನಿಲ್ಲಿಸಿದ್ದ ಒಂದು ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಚೈನಿಗೆ ಬೆರಳು ಹಾಕಿ ಒಮ್ಮೆ ಎಳೆದ.

"ಬರಲ್ರೀ ಅದು" ಅಂದ ಅಂಗಡಿಯವ, ಕೈಯಲ್ಲಿದ್ದ ಟ್ಯೂಬಿನಿಂದ ತಲೆ ಎತ್ತದೆ.

ಮಗನ ಬೆರಳಿಗೆ ಗ್ರೀಸು ಹತ್ತಿತ್ತು. ಒರೆಸಿಕೊಳ್ಳಲು ನನ್ನ ಕರವಸ್ತ್ರ ಕೊಟ್ಟೆ.